ಇಸ್ತ್ರಿ ಮೇಜಿನ ಕುರ್ಚಿಯನ್ನು ವಾಪಸು ಕೇಳಿದ ಸಾಹೇಬರಿಗೆ

ಮಾನ್ಯ ಪರಿಶೀಲನಾಧಿಕಾರಿಗಳೇ,

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುವವಳ ಸಾಷ್ಟಾಂಗ ನಮಸ್ಕಾರಗಳು. ಎಡಗಾಲು ಹುಟ್ಟಿನಿಂದಲೇ ಹಟಮಾರಿಯಾದ್ದರಿಂದ ಎಂಟು ಅಂಗಗಳಲ್ಲಿ ಒಂದು ಕಡಿಮೆ ಬಿದ್ದಿದ್ದರೆ ಮನ್ನಿಸಬೇಕು. ಪತ್ರವನ್ನು ತಮ್ಮ ಕಚೇರಿಯ ಸೂಚನಾ ಫಲಕಕ್ಕೇ ಅಂಟಿಸಿದ್ದೇನೆ. ಅಕ್ಷರಗಳು ಇಷ್ಟು ದಪ್ಪಗಿರುವುದೇಕೆಂದು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಅಂಗವಿಕಲರು ಕೆಲಸದಲ್ಲಿ ಉಳಿಯಲೆಂದು ತಮ್ಮ ಇಲಾಖೆ ನನಗೆ ಕೂತೇ ಇಸ್ತ್ರಿ ಹಾಕಲು ಗಾಲಿಯಿರುವ ಎತ್ತರದ ಕುರ್ಚಿಯೊಂದನ್ನು ದಯಪಾಲಿಸಿದ ಮೇಲೆ, ಮಧ್ಯಾಹ್ನಕ್ಕೇ ಸೊಂಟ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದ ನಾನು ಸಂಜೆಯವರೆಗೂ ದುಡಿಯುತ್ತಿದ್ದೇನೆ. ಹೋದ ವಾರ ತಾವು ಬಂದು, ಕನ್ನಡಕ ಏರಿಸಿ, ನಾನು ಮಡಿಸಿಟ್ಟ ಬೆಡ್‌ಶೀಟಿನ ಅಂಚುಗಳನ್ನೆಲ್ಲ ನೋಡಿ, "ಎಷ್ಟ್ ಚೆನ್ನಾಗಿ ಮಾಡ್ತೀಯಮ್ಮ" ಎಂದಾಗ ಹಿಗ್ಗಿ ಹೀರೇಕಾಯಿಯಾದೆ. ಆ ಹಿಗ್ಗು ಇಳಿಯುವ ಮೊದಲೇ ಆದೇಶ ಬಂತು: ಫಲಾನುಭವಿಯು ಯಾವ ತೊಂದರೆಯೂ ಇಲ್ಲದೆ ಕೆಲಸ ನಿರ್ವಹಿಸುತ್ತಿರುವುದರಿಂದ ಕುರ್ಚಿಯ ಅಗತ್ಯ ಕಂಡುಬರುವುದಿಲ್ಲ, ಸೋಮವಾರದೊಳಗೆ ಹಿಂದಿರುಗಿಸತಕ್ಕದ್ದು.

ಹತ್ತಿದ ಏಣಿಯನ್ನು ಒದೆಯುವವರನ್ನು ಕಂಡಿದ್ದೆ. ಏಣಿಯ ಮೇಲಿರುವವರಿಂದಲೇ ಅದನ್ನು ಇಷ್ಟು ವಿನಯದಿಂದ ವಾಪಸು ಕೇಳುವವರನ್ನು ಕಂಡದ್ದು ಇದೇ ಮೊದಲು. ಇದೇ ನ್ಯಾಯದಂತೆ, ಒಂದು ಹನಿಯೂ ಸೋರದ ತಮ್ಮ ಕಚೇರಿಯ ಚಾವಣಿಯನ್ನೂ ಅನಗತ್ಯವೆಂದು ತೆಗೆಸಬೇಕಾಗಿ ಪ್ರಾರ್ಥನೆ. ಕೆಲಸ ಕೆಡಿಸಿದರೆ ಮಾತ್ರ ಕುರ್ಚಿ ಉಳಿಯುವುದಾದರೆ, ದಿನಕ್ಕೆ ಎಷ್ಟು ಬೆಡ್‌ಶೀಟು ಸುಡಬೇಕೆಂದು ಸುತ್ತೋಲೆ ಹೊರಡಿಸಿ. ಅದನ್ನೂ ಅಚ್ಚುಕಟ್ಟಾಗಿ ಮಾಡಿ ತೋರಿಸುತ್ತೇನೆ.

ನಮ್ಮ ಮೇಸ್ತ್ರಿ ಒಳ್ಳೆಯವರೇ. ಆದರೂ "ಕುರ್ಚಿ ಹೋದ್ರೆ ನಿನ್ನ ಕೆಲ್ಸದಲ್ಲಿ ಹೇಗಮ್ಮ ಇಟ್ಕೊಳ್ಳಲಿ" ಎನ್ನುತ್ತಿದ್ದಾರೆ. ನನ್ನ ಅತ್ತೆಯಂತೂ "ಸೊಸೆ ದುಡೀತಾಳೆ ಅಂದ್ರೆ ಸರ್ಕಾರಕ್ಕೂ ಹೊಟ್ಟೆಕಿಚ್ಚೇನೇ" ಎಂದು ಬೀದಿಗೆಲ್ಲ ಕೇಳುವಂತೆ ಕೇಳಿದರು. ನನಗೆ ನಗು ಬಂತು, ಆಮೇಲೆ ಭಯವೂ ಆಯಿತು. ಸಂಜೆ ಕೆಲಸ ಮುಗಿಸಿ, ಎಲ್ಲರ ಜೊತೆ ಮಾತಾಡುತ್ತಾ ಗೇಟು ದಾಟುವುದು ನನಗೆ ಬಹಳ ಇಷ್ಟ ಸ್ವಾಮಿ. ಅದನ್ನು ಬಿಟ್ಟು ಮತ್ತೆ ಮನೆಯ ಮೂಲೆ ಸೇರಲಾರೆ.

ಸೋಮವಾರದವರೆಗಂತೂ ಕುಳಿತೇ ಇರುವ,
ತಮ್ಮ ವಿಶ್ವಾಸಿ,
ಇಸ್ತ್ರಿಯವಳು

ತಾ.ಕ.: ಅಂದು ತಾವು ಕನ್ನಡಕವನ್ನು ನನ್ನ ಮೇಜಿನ ಮೇಲೆಯೇ ಮರೆತು ಹೋಗಿದ್ದೀರಿ, ಅಕ್ಷರ ದಪ್ಪ ಮಾಡಿದ್ದು ಅದಕ್ಕೇ. ಅದನ್ನು ಹಾಕಿಕೊಂಡು ತಾವು ಯಾವ ತೊಂದರೆಯೂ ಇಲ್ಲದೆ ಅಂಚುಗಳನ್ನು ನೋಡುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನಾದ್ದರಿಂದ ತಮಗೆ ಅದರ ಅಗತ್ಯ ಕಂಡುಬರುವುದಿಲ್ಲ. ಆದರೂ ಒಗೆದ ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿಟ್ಟಿದ್ದೇನೆ. ಯಾವಾಗ ಬೇಕಾದರೂ ಬಂದು ಒಯ್ಯಿರಿ. ಕುರ್ಚಿ ಇರುವಷ್ಟು ದಿನ, ಕೊಡುವುದಕ್ಕೆ ನಾನೂ ಇಲ್ಲೇ ಇರುತ್ತೇನೆ.