ಹೋಗಿ ಬರ್ತೀನಿ ಅಂದಿದ್ದಕ್ಕೆ

ಜನವೇ ಇಲ್ಲದ ಊರಲ್ಲಿ ನಗೋದಕ್ಕೆ ಏನಿರುತ್ತೆ ಅಂತ ಇಲ್ಲಿ ಆಕ್ಲೆಂಡಿನ ಮೌಂಟ್ ರಾಸ್ಕಿಲ್ ಬಡಾವಣೆಯ ಗೆಳೆಯರು ಕೇಳ್ತಾರೆ. ಅವರಿಗೇನು ಗೊತ್ತು. ಆಕ್ಲೆಂಡಿಗೆ ಬರುವ ಮೊದಲು ನಾನು ದಕ್ಷಿಣದ ಒಂದು ಹುಲ್ಲುಗಾವಲು ಜಿಲ್ಲೆಯ ಕೌನ್ಸಿಲ್‌ನಲ್ಲಿ ರಸ್ತೆ ಎಂಜಿನಿಯರ್. ಕುರಿಗಳಿಗೂ ವೋಟು ಕೊಟ್ಟಿದ್ದರೆ ಮೇಯರ್ ಕುರಿಯೇ ಆಗಿರುತ್ತಿತ್ತು. ಅಲ್ಲಿ ಏನಾದರೊಂದು ಆಗುತ್ತಲೇ ಇತ್ತು.

ಬೆರಳು

ಮೊದಲ ವಾರ ನನ್ನವಳ ಜೊತೆ ಕಾರಲ್ಲಿ ಹೊರಟಿದ್ದೆ. ಎದುರಿಗೆ ಬಂದ ಯೂಟ್‌ನವನು, ಅಂದರೆ ಅಲ್ಲಿನ ಪಿಕಪ್ ಗಾಡಿಯವನು, ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತಿದ. ಆಮೇಲೆ ಹಾಲಿನ ಟ್ಯಾಂಕರಿನವನೂ ಎತ್ತಿದ.

"ಏನ್ರೀ, ಈ ಊರಲ್ಲಿ ಎಲ್ಲರಿಗೂ ಒಂದಕ್ಕೆ ಅವಸರವಾ?" ಅಂದಳು. ಮೈಸೂರಿನ ಶಾಲೆಯಲ್ಲಿ ನಾವು ಕಿರುಬೆರಳು ಎತ್ತುತ್ತಿದ್ದದ್ದು ಅದಕ್ಕೇ ತಾನೆ.

ಅದು ಅಲ್ಲಿನ ನಮಸ್ಕಾರ ಅಂತ ಆಫೀಸಿನಲ್ಲಿ ತಿಳಿಯಿತು. ಅವಳೂ ಎತ್ತೋಕೆ ಶುರುಮಾಡಿದಳು. ಹಳೇ ಅಭ್ಯಾಸ, ಕಿರುಬೆರಳನ್ನೇ.

ಪಕ್ಕದ ಮನೆ

ಪಕ್ಕದ ಮನೆಗೆ ಹೋಗೋಕೂ ಪೆಟ್ರೋಲ್ ಹಾಕಿಸಬೇಕಿತ್ತು. ನಾನು ಕೆಲಸಕ್ಕೆ ಹೋದರೆ ಅವಳಿಗೆ ಮಾತಾಡೋಕೆ ಗಾಳಿಯೇ ಗತಿ.

"ಬೆರಳೆತ್ತೋರು ಇದ್ದಾರೆ, ಬಾಯಿ ಬಿಡೋರಿಲ್ಲ. ಬೇಸಿಗೆವರೆಗೆ ನೋಡ್ತೀನಿ. ಆಮೇಲೆ ನಾನು ಆಕ್ಲೆಂಡಿಗೆ, ನೀವು ನಿಮ್ಮ ರಸ್ತೆ ಜೊತೆ ಸಂಸಾರ ಮಾಡ್ಕೊಳ್ಳಿ," ಅಂದಳು. ತಮಾಷೆಗೆ ಹೇಳಿದ್ದಲ್ಲ ಅಂತ ಗೊತ್ತಾಯಿತು.

ಕೆಟಲ್

ಕೊನೆಗೊಂದು ದಿನ ಪಕ್ಕದ ಮನೆಯ ಆಂಟಿ ಅವಳನ್ನು ಟೀಗೆ ಕರೆದರು. ಹೊರಡುವಾಗ ಬರೀ "ಹೋಗ್ತೀನಿ" ಅನ್ನಬಾರದಲ್ಲ. ನನ್ನವಳು "ಹೋಗಿ ಬರ್ತೀನಿ" ಅನ್ನೋದನ್ನ ಪದಕ್ಕೆ ಪದ ಇಂಗ್ಲಿಷಿಗೆ ತಿರುಗಿಸಿ ಹೇಳಿ ಬಂದಳು.

ಈಗಲೇ ವಾಪಸ್ ಬರ್ತಾಳೆ ಅಂದುಕೊಂಡು ಆಂಟಿ ಮತ್ತೆ ಕೆಟಲ್ ಇಟ್ಟು ಕಾದರು. ಸಂಜೆಯಾದರೂ ಇವಳ ಸುಳಿವಿಲ್ಲ. ನಮ್ಮ ಮನೆಯಲ್ಲಿ ಮೊಬೈಲೂ ಸಿಗುತ್ತಿರಲಿಲ್ಲ. ಕಾರು ಹಳ್ಳಕ್ಕೆ ಬಿತ್ತೋ ಏನೋ ಅಂತ ಆಂಟಿ ಊರವರನ್ನೆಲ್ಲ ಹುಡುಕೋಕೆ ಎಬ್ಬಿಸಿದರು.

ನಾನು ಮನೆ ಸೇರಿದರೆ ಅಂಗಳದ ತುಂಬ ಯೂಟ್‌ಗಳು. ಕಾರು ನಿಲ್ಲಿಸಿದವನೇ ಓಡಿದೆ. ಒಳಗೆ ನನ್ನವಳು ಬಂದವರಿಗೆಲ್ಲ ಉಪ್ಪಿಟ್ಟು ಬಡಿಸ್ತಾ ಇದ್ದಾಳೆ. "ಬರ್ತೀನಿ ಅಂದಮೇಲೆ ಬರಬೇಕು ತಾನೆ," ಅಂತ ಆಂಟಿ ಗದರ್ತಾ ಇದ್ದಾರೆ, ಕೈ ಮಾತ್ರ ಬಿಟ್ಟಿಲ್ಲ. ಅಂಥ ಮಾತಿನ ಗಲಾಟೆ ಆ ಮನೆ ಕಂಡೇ ಇರಲಿಲ್ಲ. ಬೇಸಿಗೆ ಬಂತು, ಹೋಯಿತು. ಅವಳು ಆಕ್ಲೆಂಡ್ ಸುದ್ದಿ ಎತ್ತಲಿಲ್ಲ.

ವರ್ಷಗಳಾದ ಮೇಲೆ ನನ್ನ ಕೆಲಸಕ್ಕಾಗಿ ಆಕ್ಲೆಂಡಿಗೇ ಬರಬೇಕಾಯಿತು. ಹೊರಟ ದಿನ ಅವಳು ಆಂಟಿಗೆ ಅಳುತ್ತಲೇ, ಎಚ್ಚರಿಕೆಯಿಂದ, "ಹೋಗ್ತೀನಿ" ಅಂದಳು.

"ಪೂರ್ತಿ ಹೇಳು," ಅಂದರು ಆಂಟಿ. "ಈ ಸಲ ನಿನ್ನ ಕಾರು ಕಂಡಮೇಲೇ ಕೆಟಲ್ ಇಡ್ತೀನಿ."

ಕಾರು ಹೊರಟಿತು. ತಿರುಗಿ ನೋಡಿದರೆ ಊರಿಗೆ ಊರೇ ಸಾಲಾಗಿ ನಿಂತು ಕಿರುಬೆರಳು ಎತ್ತಿತ್ತು. ನಮ್ಮ ದೇಶದ ನಮಸ್ಕಾರ ಹೀಗೇ ಅಂತ ಅವಳನ್ನು ನೋಡಿ ಕಲಿತಿದ್ದರು ಪಾಪ. ಅದರ ಅರ್ಥ ನಾವು ಇವತ್ತಿಗೂ ಹೇಳಿಲ್ಲ.