ಅಕ್ಕನ ಹಸಿರು ಚುಕ್ಕೆ

ಲ್ಯಾಪ್‌ಟಾಪಿನಿಂದ ಶ್ರಾವಣ ಸೋಮವಾರ ಒಪ್ಪತ್ತು ಮಾಡಿಸಿದವರು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಮ್ಮ ಅಕ್ಕ ಒಬ್ಬಳೇ. ಆ ದಿನ ತನಗೆ ಹೇಗೆ ಒಂದೇ ಹೊತ್ತು ಊಟವೋ, ಅದಕ್ಕೂ ಹಾಗೇ ಒಂದೇ ಹೊತ್ತು ಚಾರ್ಜು. "ಬ್ಯಾಟರಿ ಇಳದ್ರ ಕೆಲಸ ನಿಂದರತೈತಲ್ಲ ಅಕ್ಕಾ" ಅಂದರೆ, "ವಾರದಾಗ ಒಂದಿನ ಹೊಟ್ಟಿಗೆ ಆರಾಮ ಕೊಟ್ರ ಏನೂ ಆಗೂದಿಲ್ಲ. ನೀನೂ ಮಾಡಿ ನೋಡು, ಅಂಗಿ ಗುಂಡಿ ಹತ್ತೂವಲ್ವು" ಅನ್ನುತ್ತಾಳೆ. ಮಾತು ಲ್ಯಾಪ್‌ಟಾಪಿನಿಂದ ನನ್ನ ಹೊಟ್ಟೆಗೆ ಬಂದ ಮೇಲೆ ನಾನು ಫೋನು ಇಟ್ಟುಬಿಡುತ್ತೇನೆ.

ಅವಳ ಲ್ಯಾಪ್‌ಟಾಪು ಉಂಡರೆ ನಿನಗೇನು, ಉಪವಾಸ ಬಿದ್ದರೆ ನಿನಗೇನು ಅಂತ ನೀವು ಕೇಳಬಹುದು. ಅದೇ ನನ್ನ ಹೊಟ್ಟೆಪಾಡು ಸ್ವಾಮಿ. ಶಿಗ್ಗಾಂವದ ಹೈವೇ ಪಕ್ಕದ ಒಂದು ಮಹಡಿ ಕೋಣೆಯಲ್ಲಿ ಕೂತು, ಶಿಗ್ಗಾಂವ, ಸವಣೂರ, ಹಾನಗಲ್ಲ, ಹಿರೇಕೆರೂರ ತಾಲೂಕುಗಳಲ್ಲಿ ಮನೆಯಿಂದಲೇ ಕೆಲಸ ಮಾಡುವವರ ಹತ್ತಿರ ಇರುವ ಕಂಪನಿಯ ಲ್ಯಾಪ್‌ಟಾಪುಗಳನ್ನು ಕಾಯುವುದು ನನ್ನ ನೌಕರಿ. ಅವರೆಲ್ಲ ಜನ ಮಾತಾಡಿದ ರೆಕಾರ್ಡಿಂಗು ಕೇಳಿ ಅದನ್ನು ಕನ್ನಡದಲ್ಲಿ ಟೈಪು ಮಾಡುತ್ತಾರೆ. ಎಷ್ಟು ಮಾಡಿದರು, ಏನು ಮಾಡಿದರು ಎನ್ನುವುದು ಹೆಡ್ಡಾಫೀಸಿನವರ ಪಾಲು. ಯಂತ್ರ ಎಲ್ಲಿದೆ, ಜೀವಂತ ಇದೆಯೋ ಇಲ್ಲವೋ, ಇಷ್ಟೇ ನನ್ನ ಪಾಲು. ಪ್ರತಿಯೊಂದರೊಳಗೂ ಕಂಪನಿಯ ಸಿಮ್ಮು ಇರುತ್ತದೆ. ಮುಚ್ಚಳ ಮುಚ್ಚಿದರೂ ಸೈ, ಪೂರಾ ಬಂದ್ ಮಾಡದಿದ್ದರೆ ಆಯಿತು, ನನ್ನ ನಕ್ಷೆಯ ಮೇಲೆ ಒಂದು ಹಸಿರು ಚುಕ್ಕೆ ಉರಿಯುತ್ತದೆ. ಪಕ್ಕದಲ್ಲಿ ಯಂತ್ರ ಇಟ್ಟುಕೊಂಡವರ ಹೆಸರು.

ನಾನು ಹುಟ್ಟಾ ಕಾಳಜಿಯ ಮನುಷ್ಯ. ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಅಂತ ಬಸ್‌ ಸ್ಟ್ಯಾಂಡಿನಿಂದ ತಿರುಗಿ ಮನೆಗೆ ಬಂದು, ನೋಡಿ, ಮತ್ತೆ ಹೋಗಿ, ಬೀಗ ಹಾಕಿದೆನೋ ಇಲ್ಲವೋ ಅಂತ ಮತ್ತೊಮ್ಮೆ ಬರುವವನು. ಇಂಥವನಿಗೆ ಕಾಳಜಿ ಮಾಡುವುದಕ್ಕೇ ಪಗಾರ ಕೊಡುವ ನೌಕರಿ ಸಿಕ್ಕರೆ ಹೇಗಿರಬೇಡ? ಎಮ್ಮೆಗೆ ಕೆರೆ ಸಿಕ್ಕ ಹಾಗಾಯಿತು.

ಅಕ್ಕ ನನಗಿಂತ ಬಹಳ ದೊಡ್ಡವಳು. ಅವ್ವ ಅಪ್ಪ ಬೇಗ ಹೋದರು. ಹಾನಗಲ್ಲದಲ್ಲಿ ಟೈಪಿಂಗ್ ಕ್ಲಾಸು ನಡೆಸಿ, ಟೈಪ್‌ರೈಟರುಗಳ ಸದ್ದಿನೊಳಗೇ ನನ್ನನ್ನು ಬೆಳೆಸಿದಳು, ಓದಿಸಿದಳು, ಮದುವೆ ಮಾಡಿದಳು. ತಾನು ಮದುವೆಯಾಗುವುದನ್ನು ಮರೆತಳು. ಕಂಪ್ಯೂಟರು ಬಂದು ಕ್ಲಾಸು ಮುಚ್ಚಿತು. ಹೀಗಾಗಿ ಟೈಪು ಮಾಡುವವರು ಬೇಕು ಅಂತ ಕಂಪನಿ ಹೇಳಿದಾಗ ನಾನು ಮೊದಲು ಬರೆದು ಕಳಿಸಿದ ಹೆಸರು ಅವಳದೇ.

ಲ್ಯಾಪ್‌ಟಾಪು ಅವಳ ಕೈಗೆ ಬಂದು ಒಂದು ತಿಂಗಳಿಗೆ ಅದರ ಕೀಲಿಗಳು ಕಿತ್ತು ಬಂದವು. ಹಳೇ ಕಬ್ಬಿಣದ ಮಷಿನ್ನಿನ ಮೇಲೆ ಪಳಗಿದ ಬೆರಳು ನೋಡಿ. "ಯಂತ್ರದ ಮೇಲೆ ಏನಾದರೂ ಬಿದ್ದಿತ್ತೇ?" ಅಂತ ಹೆಡ್ಡಾಫೀಸಿನವರು ಕೇಳಿದರು. ಹೌದು, ನಮ್ಮಕ್ಕ ಬಿದ್ದಿದ್ದಳು ಅಂತ ಹೇಗೆ ಬರೆಯುವುದು? ಅದೂ ಹೋಗಲಿ, ರೆಕಾರ್ಡಿಂಗಿನಲ್ಲಿ ಮಾತಾಡುವವರ ಜೊತೆ ಜಗಳಕ್ಕೇ ಬೀಳುತ್ತಾಳೆ. ನಾನೊಮ್ಮೆ ಹೋದಾಗ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು: "ಬಾಯಾಗಿನ ಎಲಿ ಅಡಕಿ ಉಗುಳಿ ಮಾತಾಡೋ ಭಾಡ್ಯಾ. ಏನಂತ ಬರೀಲಿ?"

"ಅಂವಗ ಕೇಳಸೂದಿಲ್ಲ ಅಕ್ಕಾ."

"ನಂಗೂ ಕೇಳಸವಲ್ತು. ಅದಕ್ಕ ಬೈಯಾಕತ್ತೇನಿ."

ನಿಜವಾದ ಪಜೀತಿ ಬೇರೆ ಇತ್ತು. ಅವಳ ಚುಕ್ಕೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಉಳಿದವರ ಚುಕ್ಕೆಗಳು ತಮ್ಮ ತಮ್ಮ ಮನೆಯ ಮೇಲೆ ಶಾಂತವಾಗಿ ಕೂತಿದ್ದರೆ, ಇವಳದು ಬೆಳಿಗ್ಗೆ ಕಾಯಿಪಲ್ಲೆ ಸಂತೆಯಲ್ಲಿ, ಮಧ್ಯಾಹ್ನ ಗಿರಣಿಯಲ್ಲಿ, ಒಂದು ಭಾನುವಾರ ಗೊಟಗೋಡಿಯ ರಾಕ್ ಗಾರ್ಡನ್ನಿನಲ್ಲಿ, ಇನ್ನೊಂದು ದಿನ ಅಬಲೂರಿನ ಗುಡಿಯ ಮುಂದೆ. ಮಂದಿಯ ಸಾಮಾನನ್ನು ಮನೆಯಲ್ಲಿ ಬಿಟ್ಟು ಹೊರಗೆ ಹೋಗಬಾರದು ಎನ್ನುವುದು ಅವಳ ನೇಮ. ಸ್ವಂತ ಬಂಗಾರ ಹಿಟ್ಟಿನ ಡಬ್ಬಿಯಲ್ಲಿ ಬಿದ್ದಿರುತ್ತದೆ. ಕಂಪನಿಯ ಲ್ಯಾಪ್‌ಟಾಪು ಮಾತ್ರ ಹೆಗಲಿಗೆ.

ಸವಣೂರಿನಲ್ಲಿ ಅವಳ ಹಳೇ ವಿದ್ಯಾರ್ಥಿನಿಯೊಬ್ಬಳ ಮಗಳ ಶಾದಿ. ಚುಕ್ಕೆ ಶಾದಿಮಹಲಿನೊಳಗೆ ಹೊಕ್ಕಿದ್ದು ಕಂಡು ಹೆಡ್ಡಾಫೀಸಿನವರಿಗಿಂತ ಮೊದಲು ನಾನೇ ಫೋನು ಮಾಡಿದೆ.

"ಅಕ್ಕಾ, ಏನ್ ಮಾಡಾಕತ್ತಿ?"

"ಉಣ್ಣಾಕತ್ತೇನಿ. ನನಗಂತನ ಬ್ಯಾರೆ ಒಲಿ ಮ್ಯಾಲೆ ಮಾಡಿಸ್ಯಾಳ ನೋಡು, ಭಾಳ ಒಳ್ಳೆ ಹುಡುಗಿ."

"ಲ್ಯಾಪ್‌ಟಾಪ್ ಎಲ್ಲೈತಿ?"

"ನನ್ನ ಮಗ್ಗಲಕ ಕುರ್ಚಿ ಮ್ಯಾಲೆ ಕುಂತೈತಿ. ಅದರ ಮುಂದೂ ಎಲಿ ಹಾಕಿದ್ರು. ಬ್ಯಾಡ್ರಿ, ಇವತ್ತ ಸೋಮವಾರ ಐತಿ ಅಂತ ಹೇಳೇನಿ."

ಆಚೆಯಿಂದ ಆ ವಿದ್ಯಾರ್ಥಿನಿಯ ದನಿ ಕೇಳಿತು: "ಟೀಚರ್, ಫೋನ್ ಕೊಡ್ರಿ ಇಲ್ಲೆ. ಅಣ್ಣಾರ, ನೀವ್ಯಾಕ ಬರಲಿಲ್ರಿ? ನಿಮ್ಮ ಮಷಿನ್ ಬಂದೈತಿ, ನೀವಿಲ್ಲ."

ಕಿತ್ತು ಬಂದ ಕೀಲಿಗಳ ರಿಪೇರಿಗೆ ಲ್ಯಾಪ್‌ಟಾಪನ್ನು ಹೆಡ್ಡಾಫೀಸಿಗೆ ಕಳಿಸಿದ್ದೂ ಒಂದು ಕಥೆಯೇ. ನಮ್ಮ ಕಡೆ ಪಕ್ಕದ ಮನೆಯಿಂದ ಡಬ್ಬಿ ಬಂದರೆ ಖಾಲಿ ತಿರುಗಿ ಕೊಡುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಕಂಪನಿಯ ಬ್ಯಾಗು ಕೂಡ ಮಂದಿಯ ಡಬ್ಬಿಯೇ ಅಲ್ಲವೇ? ಚಾರ್ಜರು ಇಡುವ ಕಿಸೆಯಲ್ಲಿ ಶೇಂಗಾ ಹೋಳಿಗೆ, ಮೌಸು ಇಡುವ ಕಿಸೆಯಲ್ಲಿ ಅಗಸಿ ಹಿಂಡಿ ತುಂಬಿ ಕಳಿಸಿದಳು. ಹೆಡ್ಡಾಫೀಸಿನಿಂದ ನನಗೆ ಕಟುವಾದ ಪತ್ರ ಬಂತು: ಬ್ಯಾಗಿನಲ್ಲಿ ಗುರುತು ಸಿಗದ ಪುಡಿ ಪತ್ತೆಯಾಗಿದೆ, ವಿವರಣೆ ಕೊಡಿ. ನಾನು ಊಟ ಬಿಟ್ಟು ವಿವರಣೆ ಬರೆದೆ. ಅದು ಅಗಸಿಯ ಚಟ್ನಿಪುಡಿ, ರೊಟ್ಟಿ ಜೊತೆ ಎಣ್ಣೆ ಹಾಕಿ ಕಲಸಿಕೊಂಡು ತಿನ್ನಬಹುದು ಎಂದೂ ಸೇರಿಸಿದೆ. ಮುಂದಿನ ತಿಂಗಳು ಮತ್ತೊಂದು ಪತ್ರ: ಅದೇ ಯಂತ್ರವನ್ನು ಇನ್ನೊಮ್ಮೆ ತಪಾಸಣೆಗೆ ಕಳಿಸತಕ್ಕದ್ದು. ಯಂತ್ರಕ್ಕೆ ಏನೂ ಆಗಿರಲಿಲ್ಲ.

ಇಷ್ಟೆಲ್ಲ ನಗುತ್ತ ಹೇಳುತ್ತೇನೆ. ಆದರೆ ನನಗೆ ಬೇಕಾಗಿದ್ದು ಒಂದೇ. ಅಕ್ಕ ಹಾನಗಲ್ಲದ ಆ ಬಾಡಿಗೆ ಮನೆ ಬಿಟ್ಟು ನಮ್ಮ ಮನೆಗೆ ಬಂದು ಇರಬೇಕು. ಸಂಜೆ ಆಫೀಸಿನಿಂದ ಬಂದು ಚಪ್ಪಲಿ ಬಿಡುವಾಗ ಒಳಗಿನಿಂದ ಅವಳು ಯಾರನ್ನೋ ಬೈಯುವುದು ಕೇಳಬೇಕು. ಬೇಕಾದರೆ ನನ್ನನ್ನೇ ಬೈಯಲಿ.

ಒಮ್ಮೆ ಬಂದಿದ್ದಳು. ಇರೋತನಕ ಇರ್ತೇನಿ ಅಂತ ಟ್ರಂಕು ಸಮೇತ ಬಂದವಳನ್ನು ನಾನು ಮೊದಲ ದಿನ ಬಿ.ಪಿ. ನೋಡಿಸಲು ಕರೆದುಕೊಂಡು ಹೋದೆ. ಮರುದಿನ ಸಕ್ಕರೆ. ಅದರ ಮರುದಿನ ಕೆಮ್ಮಿದಳು ಅಂತ ಹುಬ್ಬಳ್ಳಿಗೆ ಒಯ್ದು ಎದೆಯ ಎಕ್ಸರೇ ತೆಗೆಸಿದೆ. ಒಗ್ಗರಣೆಯ ಘಾಟಿಗೆ ಕೆಮ್ಮಿದ್ದು ಅಂತ ಹೆಂಡತಿ ಆಮೇಲೆ ಹೇಳಿದಳು. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಂತು "ಅಕ್ಕಾ, ಸಾವಕಾಶ, ಜಾರತೈತಿ" ಅನ್ನುತ್ತಿದ್ದೆ. ಆ ವಾರ ಮುಗಿಯುವುದರೊಳಗೆ, ನಾನು ಅವಳಿಗೇ ಗುಳಿಗೆ ತರಲು ಹೋದ ಹೊತ್ತು ನೋಡಿ ಟ್ರಂಕು ಎತ್ತಿಕೊಂಡು ಬಸ್ಸು ಹತ್ತಿದಳು.

ಫೋನಿನಲ್ಲಿ ಒಪ್ಪಂದವಾಯಿತು. "ದಿನಾ ಮುಂಜಾನೆ ಎದ್ದಕೂಡ್ಲೆ ಮಷಿನ್ ಹಚ್ಚತೇನಿ. ನಿನ್ನ ಹಸರ ಚುಕ್ಕಿ ನೋಡ್ಕೊ, ಸುಮ್ನಾಗು. ಫೋನ್ ಮಾಡಿ ಉಂಡಿ? ಮಲಗಿದಿ? ಗುಳಿಗಿ ತೊಗೊಂಡಿ? ಅಂತ ಕೇಳಬ್ಯಾಡ. ನಾ ಏನ್ ಕೂಸಲ್ಲ."

ಅಂದಿನಿಂದ ನನ್ನ ದಿನ ಶುರುವಾಗುತ್ತಿದ್ದದ್ದು ಆ ಚುಕ್ಕೆಯಿಂದ. ಅದು ಹತ್ತಿದ ಮೇಲೇ ನನಗೆ ಚಹಾ.

ಒಂದು ದಿನ ಹತ್ತಲಿಲ್ಲ. ಫೋನೂ ಎತ್ತಲಿಲ್ಲ. ಬೈಕು ಹತ್ತಿದವನು ಹಾನಗಲ್ಲದ ತನಕ ಎಲ್ಲೂ ನಿಲ್ಲಿಸಲಿಲ್ಲ. ಬಾಗಿಲು ತೆರೆದೇ ಇತ್ತು. ಅಕ್ಕ ಆರಾಮಾಗಿ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು. ಮಣೆಯ ಮೇಲೆ ಈಳಿಗೆ, ಕತ್ತರಿ, ಹಳೇ ಟೈಪ್‌ರೈಟರು, ನಡುವೆ ವಿಭೂತಿ ಕುಂಕುಮ ಹಚ್ಚಿಸಿಕೊಂಡು ಲ್ಯಾಪ್‌ಟಾಪು.

"ಯಾಕ ಹಚ್ಚಿಲ್ಲ?" ಅಂತ ಏದುಸಿರು ಬಿಟ್ಟೆ.

"ಖಂಡೆ ಪೂಜಿ ಅಲ್ಲೇನ? ಇವತ್ತ ಹತ್ಯಾರ ಮುಟ್ಟಬಾರದು" ಅಂದವಳು ನನ್ನ ಹಿಂದೆ ನೋಡಿದಳು. "ನಿನ್ನ ಗಾಡಿಗೆ ಯಾರು ಮಾಲಿ ಹಾಕ್ಯಾರ?"

ತಿರುಗಿ ನೋಡಿದೆ. ಬೆಳಿಗ್ಗೆ ನಾನೇ ಕಟ್ಟಿದ ಚೆಂಡುಹೂವಿನ ಮಾಲೆ ಹ್ಯಾಂಡಲಿನಲ್ಲಿ ತೂಗುತ್ತಿತ್ತು. ಆಯುಧಪೂಜೆಯ ಆ ದಿನ ನಾಲ್ಕೂ ತಾಲೂಕುಗಳಲ್ಲಿ ಬಹುಪಾಲು ಚುಕ್ಕೆಗಳು ಹತ್ತಿರಲಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಒಂದೇ.

ಈಗ ಕಂಪನಿ ಈ ಕೆಲಸವನ್ನೇ ಮುಗಿಸಿದೆ. ಯಂತ್ರಗಳನ್ನೆಲ್ಲ ವಾಪಸು ತರಿಸಿಕೊಳ್ಳಿ ಅಂತ ಹೇಳಿದ ಹೆಡ್ಡಾಫೀಸಿನ ಹುಡುಗಿ ಕೊನೆಗೆ ಕೇಳಿದಳು: "ಸರ್, ಹಾನಗಲ್ಲದ ಈ ಮೇಡಂಗೆ ಮಳೆಗಾಲದಿಂದ ನಾವು ಕೆಲಸವೇ ಕೊಟ್ಟಿಲ್ಲ. ಆದರೂ ಯಂತ್ರ ದಿನಾ ಬೆಳಿಗ್ಗೆ ಆನ್ ಆಗುತ್ತೆ, ಸ್ವಲ್ಪ ಹೊತ್ತಿಗೆ ಆಫ್ ಆಗುತ್ತೆ. ಏನಾದರೂ ದೋಷ ಇದೆಯಾ ನೋಡಿ."

ಬಸ್ಸಿನಲ್ಲಿ ಹೋದೆ. ಅಕ್ಕ ಲ್ಯಾಪ್‌ಟಾಪನ್ನು ಒರೆಸುತ್ತಿದ್ದಳು.

"ಕೆಲಸ ಇಲ್ಲ ಅಂತ ಯಾಕ ಹೇಳಲಿಲ್ಲ ಅಕ್ಕಾ?"

"ಹೇಳಿದ್ರ ನೀ ಮಷಿನ್ ಒಯ್ತಿದ್ದಿ."

"ಕೆಲಸಿಲ್ಲದ ಮಷಿನ್ ದಿನಾ ಹಚ್ಚಿ ಏನ್ ಮಾಡ್ತಿದ್ದಿ?"

"ಏನ್ ಮಾಡೂದು? ಹಚ್ಚಿ ಮುಂದ ಕುಂದರತಿದ್ದೆ. ಈಗ ನೋಡ್ತಾನ, ಈಗ ಚಾ ಕುಡೀತಾನ ಅಂತ. ನಿನ್ನ ಚಾ ಮುಗದಿರಬೇಕು ಅನ್ನಿಸಿದ ಮ್ಯಾಲೆ ಬಂದ್ ಮಾಡ್ತಿದ್ದೆ."

ನಾನು ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿ, ಜಿಪ್ಪು ಎಳೆಯುತ್ತ ನಿಂತೆ. ಅದು ಆಗಲೇ ಮುಚ್ಚಿತ್ತು.

"ನಡಿ ಅಕ್ಕಾ ನನ್ನ ಜೋಡಿ. ದವಾಖಾನಿಗೆ ಕರಕೊಂಡು ಹೋಗೂದಿಲ್ಲ, ಬಚ್ಚಲ ಮುಂದ ನಿಂದರೂದಿಲ್ಲ."

"ಬರ್ತೇನಿ, ಬರ್ತೇನಿ. ಮೊದಲ ನೀ ಹೋಗು, ಬಸ್ ತಪ್ಪತೈತಿ" ಅಂತ ನನ್ನ ಬೆನ್ನಿಗೆ ಕೈ ಹಚ್ಚಿ ಬಾಗಿಲ ತನಕ ದೂಡಿದಳು. ಆ ಬರ್ತೇನಿಯ ಅರ್ಥ ನನಗೆ ಗೊತ್ತು.

ಯಂತ್ರ ವಾಪಸು ತೆಗೆದುಕೊಂಡ ಕೂಡಲೇ ಬಂದ್ ಮಾಡಿ, ಹೆಸರು ಅಳಿಸಬೇಕು ಎನ್ನುವುದು ನಿಯಮ. ಸರಿ ಇದೆಯೋ ಇಲ್ಲವೋ ನೋಡಲು ಅವಳ ಮುಂದೆ ಚಾಲೂ ಮಾಡಿದ್ದು, ಬಂದ್ ಮಾಡಿರಲಿಲ್ಲ. ಬಂಕಾಪುರ ಹತ್ತಿರ ಬಂದಾಗ ರೂಢಿಯಂತೆ ಮೊಬೈಲು ತೆಗೆದು ನಕ್ಷೆ ನೋಡಿದೆ. ಹಾನಗಲ್ಲದ ಮೇಲೆ ಏನೂ ಇರಲಿಲ್ಲ. ದಾರಿಯ ಮೇಲೆ, ಬಸ್ಸಿನ ಓಟಕ್ಕೆ ಸರಿಯಾಗಿ, ಹಸಿರು ಚುಕ್ಕೆಯೊಂದು ಸರಿಯುತ್ತಿತ್ತು. ಪಕ್ಕದಲ್ಲಿ ಅಕ್ಕನ ಹೆಸರು. ನಕ್ಷೆಯ ಪ್ರಕಾರ ಅಕ್ಕ ನಮ್ಮ ಮನೆಗೆ ಬರುತ್ತಿದ್ದಳು. ತೊಡೆಯ ಮೇಲಿನ ಬ್ಯಾಗನ್ನು ಗಟ್ಟಿಯಾಗಿ ಹಿಡಿದುಕೊಂಡು ಶಿಗ್ಗಾಂವದ ತನಕ ಅದನ್ನೇ ನೋಡುತ್ತ ಬಂದೆ.

ಚುಕ್ಕೆ ನಮ್ಮ ಮನೆಯ ಮೇಲೆ ಬಂದು ನಿಂತಿತು. ಲ್ಯಾಪ್‌ಟಾಪನ್ನು ಒಳಗಿನ ಕೋಣೆಯ ಮಂಚದ ಮೇಲೆ ಇಟ್ಟು ಚಾರ್ಜಿಗೆ ಹಚ್ಚಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಇದನ್ನ ಆಫೀಸಿಗೆ ಒಯ್ಯೂದಿಲ್ಲೇನ್ರಿ?"

"ನಾಳೆ ಒಯ್ತೇನಿ. ಇವತ್ತ ಒಂದಿನ ಇರ್ಲಿ."

ಅವಳು ಒಳಗೆ ಬಂದು ಕಿಟಕಿ ತೆರೆದು, ಫ್ಯಾನು ಹಚ್ಚಿ ಹೋದಳು.