ಕಾರ್ಬನ್ ಪ್ರತಿಯ ಗಂಡ

ಆರನೆಯ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಅದು ಬೇಯುವಷ್ಟರಲ್ಲಿ ಸುಮಿತ್ರವ್ವ ಮಗಳ ಜಡೆಗೆ ರಿಬ್ಬನ್ ಕಟ್ಟಿ ಮುಗಿಸಿದಳು. ರಿಬ್ಬನ್ನಿಗೆ ಒಂದಿಷ್ಟು ಹಿಟ್ಟು ಹತ್ತಿತು. ರೊಟ್ಟಿ ಹೊತ್ತಲಿಲ್ಲ.

ಕಸ್ತೂರಿಯ ಹೆಸರನ್ನು ಶಾಲೆಗೆ ಹಚ್ಚಲು ಅಂದೇ ಕಡೆಯ ದಿನ. ತಮ್ಮೂರು ಹೊಂಬಳದಲ್ಲೂ ಶಾಲೆಯಿತ್ತು. ಆದರೆ ಅಲ್ಲಿ ಹಚ್ಚಿದರೆ ಹೆಸರು ಹಾಜರಿ ಪುಸ್ತಕದಲ್ಲಿ, ಹುಡುಗಿ ತಮ್ಮನ ತೊಟ್ಟಿಲ ಮುಂದೆ. ಅತ್ತೆ ಉಡಚವ್ವ ಇದನ್ನೇನೂ ಮುಚ್ಚಿಟ್ಟಿರಲಿಲ್ಲ.

“ನೀ ನೌಕರಿಗೆ ಹೋಗಾಕಿ. ಕೂಸಿನ್ನ ತೂಗಾಕ ಯಾರರ ಬೇಕಲ್ಲವಾ” ಎಂದು ಆಕೆ ಆ ಮುಂಜಾನೆಯೂ ನೆನಪಿಸಿದಳು.

ಗಂಡ ಅಂದಾನಪ್ಪನ ಅಭಿಪ್ರಾಯ ಕೇಳಬೇಕೆಂದರೆ ಬಸ್ ನಿಲ್ಲುವಲ್ಲಿನ ಚಹಾದಂಗಡಿಗೆ ಹೋಗಬೇಕಿತ್ತು. ಹೊಲವನ್ನು ಪಾಲಿಗೆ ಕೊಟ್ಟಮೇಲೆ ಆ ಅಂಗಡಿಯ ಕಟ್ಟೆಯೇ ಅವನ ಕಚೇರಿ. ಹತ್ತಕ್ಕೆ ಹಾಜರು, ಐದರವರೆಗೆ ಕದಲುವಂತಿಲ್ಲ. ಪಾಪ, ರವಿವಾರವೂ ರಜೆಯಿರಲಿಲ್ಲ.

ಸುಮಿತ್ರವ್ವ ಗದಗಿನ ಒಂದು ಸರ್ಕಾರಿ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಟೈಪಿಸ್ಟ್. ಕಚೇರಿಯ ಎದುರಿಗೇ ಶಾಲೆ. ಆ ಓಣಿಯಲ್ಲಿ ವಾಸವಿದ್ದವರ ಇಲ್ಲವೇ ಅಲ್ಲಿ ನೌಕರಿ ಮಾಡುವವರ ಮಕ್ಕಳಿಗೆ ಮಾತ್ರ ಪ್ರವೇಶ. ಆಕೆ ತನ್ನ ನೌಕರಿಯ ದಾಖಲೆ ಹಿಡಿದು, ಮಗಳೊಂದಿಗೆ ಬಸ್ಸಿಳಿದು ನೆಟ್ಟಗೆ ಹೆಡ್‌ಮಾಸ್ತರರ ಮುಂದೆ ನಿಂತಳು.

ಹೆಡ್‌ಮಾಸ್ತರರು ಕಾಗದವನ್ನು ಎರಡು ಸಲ ಓದಿದರು. “ಬರೋಬ್ಬರಿ ಐತ್ರಿ ಬಾಯಾರ. ಆದ್ರ ಅರ್ಜಿಯೊಳಗ ತಾಯಿ ನೌಕರಿಗೆ ಜಾಗಾನ ಇಲ್ಲ. ತಂದಿ ಎಲ್ಲೆ ಕೆಲಸ ಮಾಡ್ತಾರ, ಅದನ್ನ ಬರಸ್ಕೊಂಡು ಬರ್ರಿ. ಒಂದಕ್ಕ ಹೆಸರು ಹಚ್ಚೂದು ಬಂದ್ ಮಾಡ್ತೀವಿ.”

ಖರೆಯೇ. ಅರ್ಜಿಯಲ್ಲಿ ತಂದೆಯ ಹೆಸರು, ತಂದೆಯ ಉದ್ಯೋಗ, ತಂದೆಯ ಕಚೇರಿ, ತಂದೆಯ ಸಹಿ ಎಲ್ಲಕ್ಕೂ ಅಗಲವಾದ ಜಾಗ ಬಿಟ್ಟಿದ್ದರು. ತಾಯಿಯ ಬಗ್ಗೆ ಇದ್ದದ್ದು ಒಂದೇ ಪ್ರಶ್ನೆ: ಜೀವಂತ ಇದ್ದಾರೆಯೇ? ಹೌದು ಎಂದು ಸುಮಿತ್ರವ್ವ ಆಗಲೇ ಬರೆದಿದ್ದಳು.

ಕಚೇರಿಗೆ ಬಂದು ಮಗಳನ್ನು ಮೇಜಿನ ಕೆಳಗೆ ಪಾಟಿ, ಬಳಪ ಕೊಟ್ಟು ಕೂರಿಸಿದಳು. ಕಡತ ಹೊರುವ ಸಿಪಾಯಿ ಪುಂಡಲೀಕಪ್ಪ, ಕೇಳದಿದ್ದರೂ ಸಲಹೆ ಕೊಡುವವನು, ಸಂಗತಿ ತಿಳಿದು ಹತ್ತಿರ ಬಂದ.

“ನೀರು ತರೂ ಸಿಪಾಯಿ ಜಾಗಾ ಎರಡು ವರ್ಷ ಆತು ಖಾಲಿ ಬಿದ್ದೈತಿ. ನಿಮ್ಮ ಯಜಮಾನ್ರನ್ನ ಅಲ್ಲೆ ಕುಂಡ್ರಸ್ರಿ, ಕಾಗದದ ಮ್ಯಾಲ. ಸಾಹೇಬ್ರು ಯಾವತ್ತರ ಓದಿ ಸಹಿ ಮಾಡ್ಯಾರೇನು?”

ಮಾಡಿರಲಿಲ್ಲ. ಚಹಾ ಆರುವುದರೊಳಗೆ ನಲವತ್ತು ಸಹಿ ಹಾಕುವುದು ಸಾಹೇಬರ ಹೆಮ್ಮೆ. ಮೇಜಿನ ಕೆಳಗೆ ಕಸ್ತೂರಿ ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಭ್ಯಾಸಬಲದಿಂದ, ಮೆಲ್ಲಗೆ ತೂಗುತ್ತಿದ್ದಳು. ಸುಮಿತ್ರವ್ವ ಹಾಳೆ ಏರಿಸಿದಳು. ಹನ್ನೊಂದು ವರ್ಷದ ಕೈ, ಹೇಳದೆಯೇ ಹಿಂದೊಂದು ಕಾರ್ಬನ್, ಅದರ ಹಿಂದೊಂದು ತೆಳು ಹಾಳೆ ಇಟ್ಟಿತು.

ಸಾಹೇಬರ ಸಹಿಗೆ ಹೋದ ಟಪಾಲಿನಲ್ಲಿ ಇಪ್ಪತ್ತಮೂರನೆಯ ಕಾಗದವಾಗಿ ಅಂದಾನಪ್ಪನಿಗೆ ನೌಕರಿಯಾಯಿತು. ಹನ್ನೆರಡೂವರೆಗೆ ಕಸ್ತೂರಿ ಎದುರಿನ ಶಾಲೆಯ ಒಂದನೇ ಇಯತ್ತೆಯಲ್ಲಿ ಕೂತಳು. ಕಿಟಕಿಯಿಂದ ನೋಡಿದರೆ ಹಿಟ್ಟು ಹತ್ತಿದ ರಿಬ್ಬನ್ ಕಾಣುತ್ತಿತ್ತು. ಸುಮಿತ್ರವ್ವ ಆ ಮಧ್ಯಾಹ್ನ ಒಂದೂ ತಪ್ಪಿಲ್ಲದೆ ಟೈಪು ಮಾಡಿದಳು.

ಮೂರಕ್ಕೆ ಹೆಡ್ ಕ್ಲಾರ್ಕ್ ರಹಮಾನಸಾಬರು ಪ್ರತಿಗಳನ್ನು ಕಡತಕ್ಕೆ ಸೇರಿಸಲು ಕೂತರು. ಅವರಿಗೆ ಮನುಷ್ಯರ ಮೇಲೆ ನಂಬಿಕೆ ಕಡಿಮೆ, ಸಹಿಯಾದ ಕಾಗದದ ಮೇಲೆ ಬಹಳ. ತೆಳು ಹಾಳೆಯನ್ನು ಓದಿದರು, ಮೂಲೆಯ ಒಣ ಹಂಡೆಯನ್ನು ನೋಡಿದರು.

“ನೀರಿನ ಸಿಪಾಯಿ ಇದ್ದೂ ಹಂಡೇದಾಗ ಹನಿ ನೀರಿಲ್ಲ” ಎಂದರು. “ಎಲ್ಲಿ ಹೋಗ್ಯಾನವ?”

ಕಚೇರಿಗೆ ಕಚೇರಿಯೇ ಅಂದಾನಪ್ಪನನ್ನು ನೆನಪು ಮಾಡಿಕೊಳ್ಳತೊಡಗಿತು. ಅವನು ದಫ್ತರದ ಕೋಣೆಯಲ್ಲಿ ಮಲಗಿದ್ದನ್ನು ಎರಡು ಸಲ ಕಣ್ಣಾರೆ ಕಂಡಿದ್ದೇನೆಂದು ಒಬ್ಬ ಗುಮಾಸ್ತ ಆಣೆ ಮಾಡಿದ. ಮನುಷ್ಯ ಒಳ್ಳೆಯವ, ಚಹಾದಂಗಡಿ ಬಿಟ್ಟು ಏಳುವುದಿಲ್ಲವಷ್ಟೇ ಎಂದು ಮತ್ತೊಬ್ಬ ಹೇಳಿದ. ಪುಂಡಲೀಕಪ್ಪ ಆ ಹೊತ್ತಿಗೆ ಎಲ್ಲಿಯೂ ಕಾಣಲಿಲ್ಲ. ಕಾಗದದ ಗಂಡ ಇಷ್ಟು ಬೇಗ ಮನೆಯ ಗಂಡನನ್ನು ಹೋಲತೊಡಗಿದ್ದು ಸುಮಿತ್ರವ್ವನಿಗೇನೂ ಸೋಜಿಗವೆನಿಸಲಿಲ್ಲ.

ಸಾಹೇಬರು, ರಹಮಾನಸಾಬರು ತಂದಿಟ್ಟ ಆ ಪ್ರತಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಸಹಿ ತಮ್ಮದೇ. ಓದಿರಲಿಲ್ಲ ಎಂದರೆ ಮರ್ಯಾದೆ ಹೋಗುತ್ತದೆ. ಓದಿದ್ದೆ ಎಂದರೆ ಅಂದಾನಪ್ಪ ಇರಲೇಬೇಕು.

“ನನಗ ಗೊತ್ತೈತಿ ಅವನ್ನ” ಎಂದರು.

ರಹಮಾನಸಾಬರು ಇನ್ನೊಂದು ಕಡತ ಬಿಚ್ಚಿದರು. ಗಂಡ ಹೆಂಡತಿ ಒಂದೇ ಕಚೇರಿಯಲ್ಲಿ ಇರಕೂಡದೆಂದು ಹಳೆಯ ಸುತ್ತೋಲೆಯೊಂದಿತ್ತು. ಒಬ್ಬರು ಶಿರಹಟ್ಟಿಯ ಕಚೇರಿಗೆ ಹೋಗಬೇಕು.

ಸಾಹೇಬರು ಯೋಚಿಸಿದರು. ಅವರು ಮಕ್ಕಳೊಂದಿಗರು, ಕರುಣೆಯುಳ್ಳವರು. “ಅವನ್ನ ಕಳಿಸಿದ್ರ ಆ ಕೂಸಿನ ಶಾಲಿ ಗತಿ ಏನ್ರಿ? ತಂದಿ ಕಚೇರಿ ಎದುರಿಗೈತಿ ಅಂತ ಇವತ್ತ ಹೆಸರು ಹಚ್ಚ್ಯಾರಂತ. ಬಾಯಾರನ್ನ ಹಾಕ್ರಿ ಶಿರಹಟ್ಟಿಗೆ. ನಾಳೆ ಮುಂಜಾನೆ ಟಪಾಲಿನ್ಯಾಗ ಇಡ್ರಿ, ಸಹಿ ಮಾಡ್ತೀನಿ.”

ಸುಮಿತ್ರವ್ವ ಲೆಕ್ಕ ಹಾಕಿದಳು. ಅಂಥ ನೌಕರನೇ ಇಲ್ಲ ಎಂದರೆ ನಾಳೆಯೇ ಕಸ್ತೂರಿಯ ಹೆಸರು ಹೋಗುತ್ತದೆ, ಹಿಂದೆಯೇ ತನ್ನ ನೌಕರಿ. ಕಚೇರಿಯಲ್ಲಿ ಟೈಪಿಸ್ಟ್ ಅವಳೊಬ್ಬಳೇ ಆದ್ದರಿಂದ ತನ್ನ ವರ್ಗಾವಣೆಯ ಹುಕುಮನ್ನು ತಾನೇ ಟೈಪು ಮಾಡಲು ಹೊರಟಳು.

ಶಾಲೆ ಬಿಟ್ಟಿತ್ತು. ಕಸ್ತೂರಿ ಮೇಜಿನ ಕೆಳಗೆ ಕೂತು ಪಾಟಿಯ ಮೇಲೆ ‘ಅ’ ತಿದ್ದುತ್ತಿದ್ದಳು. ಸುಮಿತ್ರವ್ವ ತನ್ನ ಹೆಸರಿನವರೆಗೆ ಬಂದು ನಿಂತಳು. ಆಮೇಲೆ ಆ ಹಾಳೆಯನ್ನು ಎಳೆದು ಮಡಚಿ ಚೀಲಕ್ಕೆ ಹಾಕಿ, ಹೊಸದನ್ನು ಏರಿಸಿ, ತನ್ನ ಹೆಸರಿನ ಜಾಗದಲ್ಲಿ ಗಂಡನ ಹೆಸರು ಹೊಡೆದಳು. ಇಲ್ಲದ ನೌಕರನಿಗೆ ಗದಗಾದರೇನು, ಶಿರಹಟ್ಟಿಯಾದರೇನು.

ಅಲ್ಲಿಂದ ನೌಕರ ಹಾಜರಾಗಿಲ್ಲವೆಂದು ಪತ್ರ ಬರುತ್ತದೆ. ಉತ್ತರ ತಾನೇ ಬರೆಯಬೇಕು. ಅವನಿಗೆ ಜ್ವರ ಬರಿಸಬೇಕು, ರಜೆ ಕೇಳಬೇಕು, ವರ್ಷವರ್ಷ ಅವನ ಪರವಾಗಿ ನೆಪ ಹೇಳಬೇಕು. ಹೊಸ ಕೆಲಸವೇನಲ್ಲ ಎಂದುಕೊಂಡಳು. ಕಾರ್ಬನ್ನುಗಳನ್ನು ಈ ಸಲ ಎಣಿಸಿ ಇಟ್ಟಳು: ಶಿರಹಟ್ಟಿಗೆ ಒಂದು, ಕಡತಕ್ಕೆ ಒಂದು. ಶಾಲೆಗೆ ಇಲ್ಲ.

ಹೊಂಬಳದಲ್ಲಿ ಬಸ್ಸಿಳಿದಾಗ ಅಂದಾನಪ್ಪ ಕಟ್ಟೆಯ ಮೇಲೇ ಇದ್ದ.

“ಹೆಸರು ಹಚ್ಚಿದ್ಯೇನು?” ಎಂದ, ಚಹಾದ ಬಸಿಯಿಂದ ತುಟಿ ತೆಗೆಯದೆ.

“ಹಚ್ಚಿದ್ನಿರಿ” ಎಂದು ಸುಮಿತ್ರವ್ವ ಮಗಳ ಕೈ ಹಿಡಿದು ಮನೆಯತ್ತ ನಡೆದಳು. ನಾಳೆಯಿಂದ ಶಿರಹಟ್ಟಿಗೆ ಹೋಗಬೇಕಾದವನು ಸಾವಕಾಶವಾಗಿ ಇನ್ನೊಂದು ಚಹಾ ಹೇಳಿದ.